ರಕ್ತದೊರೆ ಬಿದ್ದ ದಿನ

ಸಿಂಧನೂರಿನಲ್ಲಿ ವಸೀಮಾಳ ಬ್ಯೂಟಿ ಪಾರ್ಲರ್ ಗೊತ್ತಿಲ್ಲದ ಹೆಣ್ಣುಮಕ್ಕಳು ಕಡಿಮೆ. ಮದುಮಗಳ ಮುಖಕ್ಕೆ ಬಣ್ಣ ಹಚ್ಚುವುದರಲ್ಲಿ ಆಕೆಯ ಕೈಗೆ ಸರಿಸಾಟಿ ಸುತ್ತ ಯಾವ ಊರಿನಲ್ಲೂ ಇರಲಿಲ್ಲ. ಬಳಗಾನೂರಿನ ಸಾಹುಕಾರರ ಮನೆಯವರೂ ಮಸ್ಕಿಯ ಅಂಗಡಿಕಾರರೂ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅಂಥ ಕೈಯಿಂದ ದೆವ್ವದ ಮುಖ ಮಾಡಿಸಿದವನು ಆಕೆಯ ತಮ್ಮ ಇಶ್ತಿಯಾಕ್.

ಇಶ್ತಿಯಾಕ್ ಮದುವೆ ವಿಡಿಯೋ ತೆಗೆಯುವವನು. ಊರವರ ಮದುವೆ, ನಿಶ್ಚಿತಾರ್ಥ, ತೊಟ್ಟಿಲು ಎಲ್ಲ ತೆಗೆದು ತೆಗೆದು ಅವನಿಗೆ ಬೇಸರ ಬಂದಿತ್ತು. ಸಿನಿಮಾ ಮಾಡಬೇಕು ಅಂತ ಒಂದೇ ಹಟ. ಪರದೇಶದ ಹಳೇ ಕತೆಯಲ್ಲಿ, ಕೋಟೆಯೊಳಗೆ ಪೆಟ್ಟಿಗೆಯಲ್ಲಿ ಮಲಗಿದ ದೊರೆಯೊಬ್ಬ ಎದ್ದು ಬಂದು ಮಂದಿಯ ಕುತ್ತಿಗೆಗೆ ಕೋರೆಹಲ್ಲು ಹಾಕಿ ರಕ್ತ ಹೀರುತ್ತಾನಲ್ಲ, ಅದನ್ನೇ ಎತ್ತಿಕೊಂಡು ತಲೆಕೆಳಗು ಮಾಡಿದ್ದ. ಇವನ ದೊರೆ ಏಳುವುದು ನಮ್ಮ ಸೀಮೆಯಲ್ಲಿ. ಮೊದಲು ನೆಲ್ಲು ನಾಟಿ ಮಾಡುವ ಹೆಂಗಸಿನ ಕುತ್ತಿಗೆಗೆ ಬಾಯಿ ಹಾಕುತ್ತಾನೆ. ಆಕೆಯ ಮೈಯಲ್ಲಿ ರಕ್ತವೇ ಇಲ್ಲ, ಕುಡಿಯಲು ಹೋದ ದೊರೆಗೇ ತಲೆ ತಿರುಗುತ್ತದೆ. ಆಮೇಲೆ ಕುಡುಕನೊಬ್ಬನನ್ನು ಕಚ್ಚಿ ತಾನೇ ತೂರಾಡುತ್ತಾನೆ. ಮೂರು ಹೊತ್ತೂ ಹಸಿಮೆಣಸಿನ ಚಟ್ನಿ ತಿನ್ನುವ ಗೌಡನನ್ನು ಕಚ್ಚಿ, ನಾಲಿಗೆ ಉರಿದು ಕಾಲುವೆಗೆ ಹಾರುತ್ತಾನೆ. ಕೊನೆಗೆ ಆಶಾ ಕಾರ್ಯಕರ್ತೆಯೊಬ್ಬಳು ಕನಿಕರಪಟ್ಟು ಅವನಿಗೇ ರಕ್ತ ಹೆಚ್ಚುವ ಗುಳಿಗೆ ಕೊಡುತ್ತಾಳೆ. ಗುಳಿಗೆಯ ಆಸೆಗೆ ಹಗಲಲ್ಲೇ ಹೊರಬಿದ್ದ ದೊರೆ ಬಿಸಿಲಿಗೆ ಬೂದಿಯಾಗುತ್ತಾನೆ, ಆ ಬೂದಿ ಬಾಚಿಕೊಂಡು ಮುದುಕಿಯೊಬ್ಬಳು ಭಾಂಡೆ ತಿಕ್ಕುತ್ತಾಳೆ. ಕತೆ ಕೇಳಿ ವಸೀಮಾ ಬಿದ್ದು ಬಿದ್ದು ನಕ್ಕಿದ್ದಳು. ಅವತ್ತೇ ತಮ್ಮನಿಗೆ ಮಾತು ಕೊಟ್ಟಳು, ಮುಖದ ಕೆಲಸ ತನ್ನದು ಅಂತ.

ದೊರೆ ಯಾರಾಗಬೇಕು ಅನ್ನುವುದಕ್ಕೆ ಯೋಚನೆಯೇ ಬೇಕಿರಲಿಲ್ಲ. ಪಾಮನಕಲ್ಲೂರಿನ ಜಂಬಣ್ಣ ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾಸ್ಯಪಾತ್ರ ಮಾಡುತ್ತಿದ್ದವನು. ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಈಗ ತೊಗರಿ ಹೊಲ, ಎರಡು ಎಮ್ಮೆ, ಹೆಂಡತಿ ಬಸವಣ್ಣೆಮ್ಮ. ಆದರೂ ಸಂತೆಗೆ ಬಂದರೆ ಮಂದಿ ಅವನ ನಡಿಗೆ ನೋಡಿಯೇ ನಗುತ್ತಿದ್ದರು. ಇಶ್ತಿಯಾಕ್ ಹೋಗಿ ಕೇಳಿದಾಗ ಜಂಬಣ್ಣ ಎಮ್ಮೆಯ ಹಗ್ಗ ಕೈಬಿಟ್ಟು, "ಇಷ್ಟು ದಿನ ಎಲ್ಲಿದ್ದೆಲೇ ನೀ?" ಅಂದಿದ್ದನಂತೆ.

ಆ ಬೇಸಿಗೆಯಲ್ಲಿ ಕೊನೆಯ ದೃಶ್ಯವೊಂದು ಬಾಕಿ ಉಳಿಯಿತು. ಮುದಗಲ್ ಕೋಟೆಯೊಳಗೆ ತೆಗೆಯಲು ಪರವಾನಗಿ ಇಲ್ಲದ್ದಕ್ಕೆ, ಊರು ದಾಟಿ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಗುಡ್ಡದ ಮೇಲಿನ ಹಾಳು ವಾಡೆಯೊಂದನ್ನು ಹುಡುಕಿಕೊಂಡಿದ್ದರು. ಬೆಳಗಿನ ಹೊತ್ತು ವಸೀಮಾ ಜಂಬಣ್ಣನನ್ನು ಕಲ್ಲಿನ ಮೇಲೆ ಕೂರಿಸಿ ಕೆಲಸಕ್ಕೆ ಕೈಹಚ್ಚಿದಳು. ಮೈದಾ ಗಂಜಿ, ತೆಳು ಕಾಗದ, ಗೋಂದು ಸೇರಿಸಿ ಹಣೆಗೂ ಕೆನ್ನೆಗೂ ಹೆಣದ ಚರ್ಮ ಕೂರಿಸಿದಳು. ಮೇಲೆ ಸುಣ್ಣದಂಥ ಬಿಳಿ, ಕಣ್ಣಿನ ಸುತ್ತ ಕಾಡಿಗೆ, ಬಾಯಿಂದ ಗದ್ದದವರೆಗೆ ಕೆಂಪು. ಹಲ್ಲು ಕಟ್ಟುವವನಿಂದ ಮಾಡಿಸಿದ ಕೋರೆಹಲ್ಲನ್ನು ಅಂಟು ಹಾಕಿ ಒತ್ತಿ ಕೂರಿಸಿದಳು. "ದೊರಿ ಅಂದಮ್ಯಾಲ ಎದಿ ತುಂಬ ಕೂದಲಿರಬೇಕು" ಅಂತ ಜಂಬಣ್ಣನೇ ಹಟ ಹಿಡಿದಿದ್ದರಿಂದ ಎದೆಗೆ ಆಡಿನ ಕೂದಲು ಅಂಟಿಸಿದ್ದಾಯಿತು.

ಅಂಟಿಸುವಾಗ ಅವನು ಒಮ್ಮೆ ಕಣ್ಣು ಮುಚ್ಚಿ ಹುಬ್ಬು ಗಂಟಿಕ್ಕಿದ.

"ಯಾಕ ಕಾಕಾ, ಉರಿಯಾಕತ್ತೈತೇನು?"

"ಗೋಂದಿಂದಲ್ಲ ಮಗಳ, ಒಳಗ. ಮುಂಜಾನೆ ಮುದಗಲ್ಲದಾಗ ಮಿರ್ಚಿ ತಿಂದ್ನೆಲ್ಲ."

"ಗ್ಯಾಸ್ ಇರಬೇಕು" ಅಂದು ವಸೀಮಾ ಸೋಡಾ ಕೊಟ್ಟಳು. ಕುಡಿದ, ತೇಗಿದ, ಆ ತೇಗನ್ನೂ ದೊರೆಯ ಗತ್ತಿನಲ್ಲಿ ತೇಗಿ ಎಲ್ಲರನ್ನೂ ನಗಿಸಿದ.

ದೃಶ್ಯ ಸರಳವಿತ್ತು. ದೊರೆ ವಾಡೆಯ ಬಾಗಿಲಿಂದ ಹೊರಗೆ ಬರಬೇಕು, ಬಿಸಿಲು ಬಡಿಯಬೇಕು, ಕಣ್ಣಿಗೆ ಕೈ ಅಡ್ಡ ಹಿಡಿದು ಬುಗುರಿಯಂತೆ ತಿರುಗಿ ಬೀಳಬೇಕು. ಇಶ್ತಿಯಾಕ್ ಕ್ಯಾಮೆರಾ ಹಿಂದೆ ನಿಂತು ಕೈ ಬೀಸಿದ. ಜಂಬಣ್ಣ ಕರಿ ನಿಲುವಂಗಿ ಹಾರಿಸುತ್ತ ಹೊರಬಂದ. ಬಿಸಿಲಿಗೆ ಮುಖ ಎತ್ತಿದ. ಕಣ್ಣಿಗೆ ಹೋಗಬೇಕಿದ್ದ ಕೈ ಎದೆಗೆ ಹೋಯಿತು. ಬಾಯಿ ತೆರೆದ, ದನಿ ಬರಲಿಲ್ಲ. ಒಂದು ಹೆಜ್ಜೆ ಮುಂದೆ ಇಟ್ಟು, ಅಲ್ಲೇ ಕುಕ್ಕರಿಸಿ, ಪಕ್ಕಕ್ಕೆ ಹೊರಳಿದ. ಚಪ್ಪಲಿಯೊಂದು ಹಾರಿ ಬಂಡೆಯ ಮೇಲೆ ಬಿತ್ತು.

ಎಲ್ಲರೂ ನಕ್ಕರು. ವಸೀಮಾ ದುಪಟ್ಟಾದ ಸೆರಗು ಬಾಯಿಗೆ ತುರುಕಿಕೊಂಡರೂ ನಗು ತಡೆಯಲಾಗಲಿಲ್ಲ. ಬಿದ್ದವನ ಕಾಲು ಎರಡು ಸಲ ಒದ್ದಾಡಿತು, ಮತ್ತೆ ನಗು. ಇಶ್ತಿಯಾಕ್ ಕ್ಯಾಮೆರಾ ನಿಲ್ಲಿಸಲಿಲ್ಲ. ಹೀಗೊಂದು ಬೀಳುವಿಕೆ ಅವನು ಕನಸಿನಲ್ಲೂ ಬರೆದಿರಲಿಲ್ಲ.

"ಸಾಕು ಏಳ್ರಿ ಕಾಕಾ, ಮಸ್ತ್ ಬಂತು" ಅಂತ ಕೂಗಿದ ಕೊನೆಗೆ.

ಜಂಬಣ್ಣ ಏಳಲಿಲ್ಲ. ಅದಕ್ಕೂ ನಕ್ಕರು. ಇದು ಅವನ ಹಳೇ ಆಟ.

ಮುಂದಿನ ಶಾಟಿಗೆ ಬಣ್ಣ ಸರಿಮಾಡಲು ವಸೀಮಾ ಡಬ್ಬಿ ಹಿಡಿದು ಹೋದಳು. ಬಗ್ಗಿ ನೋಡಿದರೆ, ಬಿಳಿ ಬಣ್ಣದ ಅಡಿಯಿಂದ ಬೆವರು ಉಕ್ಕಿ ಬಣ್ಣವನ್ನೇ ಎಬ್ಬಿಸಿಕೊಂಡು ಇಳಿಯುತ್ತಿತ್ತು. ಕೈ ಮುಟ್ಟಿದಳು. ಅಂಥ ಬಿಸಿಲಿನಲ್ಲಿ ಆ ಕೈ ತಣ್ಣಗಿತ್ತು. ಕಾಡಿಗೆಯ ನಡುವಿನಿಂದ ಎರಡು ಕಣ್ಣು ಆಕೆಯನ್ನೇ ನೋಡುತ್ತಿದ್ದವು. ಆ ನೋಟದಲ್ಲಿ ತಮಾಷೆ ಇರಲಿಲ್ಲ.

"ಇಶ್ತೂ! ಬಂದ್ ಕರ್! ಆಕ್ಟಿಂಗ್ ಅಲ್ಲಲೇ ಇದು!"

ತಮ್ಮ ಇನ್ನೂ ನಗುತ್ತಲೇ ಇದ್ದ. ಆಕೆ ಕೈಯಲ್ಲಿದ್ದ ಡಬ್ಬಿ ಎತ್ತಿ ಅವನತ್ತ ಎಸೆದಳು. ಆಗ ಅವನ ಮುಖ ಬದಲಾಯಿತು.

ಇದ್ದ ಒಂದೇ ಗಾಡಿ ಇಶ್ತಿಯಾಕನ ಗೆಳೆಯ ಅಮ್ಜದನದು, ಅವನು ಅದನ್ನು ತೆಗೆದುಕೊಂಡು ಊಟ ತರಲು ಮುದಗಲ್ಲಿಗೆ ಹೋಗಿದ್ದ. ಗುಡ್ಡದ ಮೇಲೆ ಫೋನು ಹತ್ತುತ್ತಿರಲಿಲ್ಲ. ಜಂಬಣ್ಣನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಯುವಂಥ ದಾರಿಯೂ ಅದಲ್ಲ, ಬರೀ ಬಂಡೆ, ಜಾಲಿ. ಕಡೆಗೆ ಇಶ್ತಿಯಾಕನೇ ದೊರೆ ಮಲಗುವ ಪೆಟ್ಟಿಗೆಯನ್ನು ಎಳೆದು ತಂದ. ಮುದಗಲ್ಲಿನ ಬಡಿಗನೊಬ್ಬ ಹಳೇ ಹಲಗೆಯಲ್ಲಿ ಮಾಡಿಕೊಟ್ಟ ಶವಪೆಟ್ಟಿಗೆ ಅದು. ವಸೀಮಾ ಬೇಡ ಅನ್ನಲು ಬಾಯಿ ತೆರೆದಳು, ಬೇರೆ ದಾರಿ ಕಾಣಲಿಲ್ಲ. ಬದುಕಿದ್ದವನನ್ನು ಅದರಲ್ಲಿ ಮಲಗಿಸಿ, ಇಶ್ತಿಯಾಕನೂ ಅವನ ಜೊತೆಯ ಮೂವರು ಹುಡುಗರೂ ಹೊತ್ತು ಗುಡ್ಡ ಇಳಿದರು. ಆಕೆ ಪಕ್ಕದಲ್ಲಿ ಓಡುತ್ತ ದುಪಟ್ಟಾದಿಂದ ಅವನ ಮುಖಕ್ಕೆ ನೆರಳು ಹಿಡಿದಿದ್ದಳು. "ಯಾ ಅಲ್ಲಾ, ಯಾ ಅಲ್ಲಾ" ಅನ್ನುವುದು ಬಿಟ್ಟರೆ ಬೇರೇನೂ ಬಾಯಿಗೆ ಬರುತ್ತಿರಲಿಲ್ಲ.

ಡಾಂಬರು ರಸ್ತೆ ಮುಟ್ಟಿದಾಗ ಫೋನು ಹತ್ತಿತು. ಅಂಬುಲೆನ್ಸ್ ದೂರದಲ್ಲಿತ್ತು, ಬರಲು ಹೊತ್ತಾಗುತ್ತದೆ ಅಂದರು. ಅಮ್ಜದ್ ಫೋನು ಎತ್ತಲಿಲ್ಲ. ಹೋಗುವ ಬರುವ ಗಾಡಿಗಳಿಗೆ ಕೈಮಾಡಿ ನಿಲ್ಲಿಸುವುದೊಂದೇ ಉಳಿದದ್ದು.

ಅಸಲಿ ಕಷ್ಟ ಅಲ್ಲಿ ಸುರುವಾಯಿತು. ಒಂದು ಕಾರು ನಿಧಾನ ಮಾಡಿತು, ಒಳಗಿದ್ದ ಮಗು ಕಿಟಾರನೆ ಚೀರಿತು, ಕಾರು ಹೊರಟೇ ಹೋಯಿತು. ಬೈಕಿನವರಿಬ್ಬರು ನಿಂತು ಮೊದಲು ಫೋನು ತೆಗೆದರು. ಮುದಗಲ್ಲಿನಿಂದ ಬಂದ ಬಸ್ಸು ನಿಂತಿತು. ಕಿಟಕಿ ಕಿಟಕಿಗೂ ತಲೆ, ಒಂದೊಂದು ತಲೆಯ ಪಕ್ಕಕ್ಕೂ ಒಂದು ಫೋನು.

"ಏ, ಅದಽ ದೆವ್ವಲೇ! ರೀಲ್ಸಿನಾಂವ!"

ಹೋದ ವಾರವಷ್ಟೇ ಸಿನಿಮಾದ ಪ್ರಚಾರಕ್ಕೆ ಅಂತ ಇಶ್ತಿಯಾಕ್ ಜಂಬಣ್ಣನನ್ನು ಇದೇ ವೇಷದಲ್ಲಿ ಮುದಗಲ್ ಬಜಾರಿನಲ್ಲಿ, ಲಿಂಗಸುಗೂರು ಬಸ್ ನಿಲ್ದಾಣದ ಮುಂದೆ ಬೀಳಿಸಿದ್ದ. ಪಾಪ ಅಂತ ಯಾರಾದರೂ ಎಬ್ಬಿಸಲು ಬಂದರೆ ಜಂಬಣ್ಣ ಹಲ್ಲು ಕಿಸಿದು ಎದ್ದು ಕೂರುತ್ತಿದ್ದ, ಮರೆಯಿಂದ ವಿಡಿಯೋ. ಆ ವಿಡಿಯೋ ಸೀಮೆಯೆಲ್ಲ ಓಡಾಡಿತ್ತು.

"ಪ್ರ್ಯಾಂಕ್ ಅಲ್ರೀ, ಖರೇನ ಎದಿ ಹಿಡಕೊಂಡೈತ್ರಿ! ಕರಕೊಂಡು ನಡೀರಿ, ನಿಮ್ಮ ಕಾಲು ಬೀಳ್ತೀನಿ!" ವಸೀಮಾ ಬಸ್ಸಿನ ಬಾಗಿಲಿಗೆ ಜೋತುಬಿದ್ದಳು.

"ಅಕ್ಕಾರ ಆಕ್ಟಿಂಗ್ ಭಾರಿ ಐತಿ" ಅಂತ ಹಿಂದಿನಿಂದ ಯಾರೋ ಅಂದರು. ಇಡೀ ಬಸ್ಸು ನಕ್ಕಿತು. ಬಾಗಿಲು ಮುಚ್ಚಿತು.

ಆಮೇಲೆ ಒಂದು ಆಟೋ ಬಂತು. ಆಟೋದವನು ಪೆಟ್ಟಿಗೆಯೊಳಗೆ ಇಣುಕಿದವನೇ ಎರಡು ಹೆಜ್ಜೆ ಹಿಂದೆ ಸರಿದ. ಭಯದಿಂದಲ್ಲ, ಸಿಟ್ಟಿನಿಂದ.

"ಇವನೇನ? ಹೋದ ವಾರ ಹಿಂಗ ಬಿದ್ದಿದ್ದ. ಸತ್ತಾನಂತ ತಿಳದು ನನ್ನ ಬಾಟ್ಲಿ ನೀರು ಬಾಯಿಗೆ ಹಾಕಾಕ ಹೋದ್ರ 'ಹ್ಯಾ' ಅಂದು ಕೈ ಹಿಡದ. ನಾ ಅಂಜಿ ಓಡಿದ್ದನ್ನ ನನ್ನ ಮಕ್ಕಳೂ ನೋಡಿ ನಕ್ಕಾರ. ಈ ಆದಪ್ಪ ಮತ್ತೊಮ್ಮೆ ಹುಚ್ಚ ಆಗಾಂವಲ್ಲ."

ಇಶ್ತಿಯಾಕ್ ಅವನ ಕಾಲಿಗೆ ಬಿದ್ದ. ಆದಪ್ಪ ಕಾಲು ಕಿತ್ತುಕೊಂಡು, "ಎಲ್ಲಿ ಇಟ್ಟೀಯಪಾ ಕ್ಯಾಮೆರಾ?" ಅಂತ ಜಾಲಿಗಿಡದ ಮರೆಯನ್ನು ಹುಡುಕತೊಡಗಿದ.

ಪೆಟ್ಟಿಗೆಯೊಳಗಿನಿಂದ ಸಣ್ಣ ನರಳಾಟ ಕೇಳಿತು. ವಸೀಮಾ ತಿರುಗಿ ನೋಡಿದಳು. ತಾನು ಎಷ್ಟು ಚೆಂದ ಮಾಡಿದ್ದಳೋ ಆ ಮುಖ ಅಷ್ಟೇ ಸುಳ್ಳಾಗಿ ಕಾಣುತ್ತಿತ್ತು. ಅದರೊಳಗೆ ಒಬ್ಬ ಮನುಷ್ಯ ಸಾಯುತ್ತಿದ್ದಾನೆ ಅಂತ ಯಾರು ನಂಬಬೇಕು? ತಾನೇ ನಂಬಿರಲಿಲ್ಲವಲ್ಲ.

ಆಕೆ ಹೆಗಲ ಚೀಲ ಕೆಡವಿ ಕೊಬ್ಬರಿ ಎಣ್ಣೆಯ ಬಾಟಲಿ ಹುಡುಕಿದಳು. ರಸ್ತೆಯ ನಡುವೆ ಮೊಣಕಾಲೂರಿ, ಅಷ್ಟೂ ಎಣ್ಣೆಯನ್ನು ಅವನ ಮುಖಕ್ಕೆ ಸುರಿದು ಎರಡೂ ಕೈಯಿಂದ ತಿಕ್ಕಿದಳು. ಬಿಳಿ, ಕಪ್ಪು, ಕೆಂಪು ಎಲ್ಲ ಕಲೆತು ಕೆಸರಾಯಿತು. ದುಪಟ್ಟಾದಿಂದ ಒರೆಸಿದಳು, ಗಂಜಿಯ ಚರ್ಮವನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. "ತಾಳ್ರಿ ಕಾಕಾ, ತಾಳ್ರಿ" ಅನ್ನುತ್ತ ಅಳುತ್ತಿದ್ದಳು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಒಂದು ಕೆನ್ನೆ ಹೊರಗೆ ಬಂತು. ಕರಿ ಕೆನ್ನೆ, ಬಿಳಿ ಕುರುಚಲು ಗಡ್ಡ, ಬೆವರು. ಹಣೆಯ ಮೇಲೆ ಮುಂಜಾನೆ ಹಚ್ಚಿಕೊಂಡಿದ್ದ ವಿಭೂತಿಯ ಗೆರೆ ಗಂಜಿಯ ಅಡಿಯಲ್ಲಿ ಮಾಸಲಾಗಿ ಉಳಿದಿತ್ತು. ಬಣ್ಣ ಹೋದಮೇಲೆ ಉಳಿದವನು ಒಬ್ಬ ಮುದುಕ. ತುಟಿ ನೀಲಿಗಟ್ಟಿತ್ತು.

ಫೋನು ಹಿಡಿದ ಬೈಕಿನವರು ಫೋನು ಕೆಳಗಿಳಿಸಿದರು. ಆದಪ್ಪ ಹತ್ತಿರ ಬಂದು ಬಗ್ಗಿ ನೋಡಿದ.

"ಅಯ್ಯ ಶಿವನ... ನಮ್ಮಪ್ಪನ ವಯಸ್ಸಿನಾಂವ" ಅಂದ. ಜಂಬಣ್ಣನ ಕಂಕುಳಿಗೆ ಕೈಹಾಕಿ ಪೆಟ್ಟಿಗೆಯಿಂದ ಎತ್ತಿದ. ಪೆಟ್ಟಿಗೆ ರಸ್ತೆಯ ಬದಿಗೇ ಉಳಿಯಿತು.

ಆಟೋದಲ್ಲಿ ಜಂಬಣ್ಣನ ತಲೆ ವಸೀಮಾಳ ತೊಡೆಯ ಮೇಲಿತ್ತು. ಇಶ್ತಿಯಾಕ್ ಕಾಲು ಹಿಡಿದು ಕೂತಿದ್ದ. ಆದಪ್ಪ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಸ್ವಲ್ಪ ದೂರ ಹೋದಮೇಲೆ ಜಂಬಣ್ಣ ಕಣ್ಣು ಬಿಟ್ಟ. ಕೋರೆಹಲ್ಲಿನ ಸಂದಿಯಿಂದ ಏನೋ ಅಂದ. ಆಕೆ ಕಿವಿ ಹತ್ತಿರ ತಂದಳು.

"ನಕ್ಕರೇನ?"

ವಸೀಮಾ ಅವನ ಹಣೆಯ ಬೆವರು ಒರೆಸಿದಳು. "ಹೂಂ ಕಾಕಾ. ಬಾಳ ನಕ್ಕರು."

ಅವನ ಮುಖದ ಬಿಗಿ ಒಂದಿಷ್ಟು ಸಡಿಲಾಯಿತು. ಮತ್ತೆ ಕಣ್ಣು ಮುಚ್ಚಿದ. ಲಿಂಗಸುಗೂರು ಬರುವ ತನಕ ಆಕೆ ಅವನ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಕೂತಿದ್ದಳು, ಉಸಿರು ತಾಗುತ್ತದೋ ಇಲ್ಲವೋ ಅಂತ.

ಆಸ್ಪತ್ರೆಯೊಳಗೂ ಆಕೆ ಮಾಡಿದ್ದೇ ಆಕೆಗೆ ಅಡ್ಡ ಬಂತು. ಡಾಕ್ಟರಮ್ಮ ಗುಳಿಗೆ ಕೊಟ್ಟು ಅಗಿಯಲು ಹೇಳಿದರೆ ಕೋರೆಹಲ್ಲು ಬಿಡಲಿಲ್ಲ. ಎದೆಯ ಪರೀಕ್ಷೆಗೆ ವೈರು ಅಂಟಿಸಲು ಹೋದರೆ ಆಡಿನ ಕೂದಲಿನ ಮೇಲೆ ಯಾವುದೂ ನಿಲ್ಲಲಿಲ್ಲ.

"ಯಾರ್ರೀ ಇದನ್ನ ಅಂಟಿಸಿದ್ದು?" ಅಂದರು ಡಾಕ್ಟರಮ್ಮ.

"ನಾನಽ ರೀ."

"ಹಾಗಾದ್ರೆ ನೀವೇ ತೆಗೀರಿ. ಬೇಗ."

ವಸೀಮಾ ಅವನ ಬಾಯಿಗೆ ಬೆರಳು ಹಾಕಿ ಹಲ್ಲು ಅಲುಗಾಡಿಸಿದಳು. ಅಂಟು ಗಟ್ಟಿಯಿತ್ತು. ಕಣ್ಣು ಮುಚ್ಚಿ ಜೋರಾಗಿ ಎಳೆದಾಗ ಕೋರೆಹಲ್ಲಿನ ಜೊತೆ ರಕ್ತವೂ ಬಂತು. ಇದು ಬಣ್ಣವಲ್ಲ ಅಂತ ಆಕೆಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಎದೆಯ ಕೂದಲನ್ನು ಹಿಡಿಹಿಡಿಯಾಗಿ ಕಿತ್ತಳು. ಎಣ್ಣೆ ಮುಗಿದಿತ್ತು, ಕಾಯಲು ಹೊತ್ತೂ ಇರಲಿಲ್ಲ, ಒಣ ಗೋಂದಿನ ಜೊತೆ ಅವನ ಚರ್ಮ ಕೆಂಪಗೆ ಎದ್ದು ಬರುತ್ತಿತ್ತು. ಜಂಬಣ್ಣ ನರಳಿದ. ಮದುಮಗಳ ಹುಬ್ಬು ತೀಡುವಾಗ ಒಂದು ಎಳೆ ಜಗ್ಗಿದರೂ ಉಫ್ ಅಂತ ಗಾಳಿ ಊದುತ್ತಿದ್ದ ಆಕೆ ಈಗ ಕಟುಕಳಂತೆ ಎಳೆದಳು. ನರ್ಸು ಬಂದು ತೋಳು ಹಿಡಿದು ಹೊರಗೆ ಕಳಿಸಿದಾಗಲೂ ವಸೀಮಾಳ ಮುಷ್ಟಿಯಲ್ಲಿ ಕೂದಲಿತ್ತು.

ಹೃದಯದ ನಾಳ ಕಟ್ಟಿದೆ, ಇಂಜೆಕ್ಷನ್ ಕೊಟ್ಟಿದೆ, ಕಲಬುರಗಿಗೆ ಒಯ್ಯಬೇಕು, ಏನೂ ಹೇಳಲಾಗದು ಅಂದರು. ಅಂಬುಲೆನ್ಸ್ ಸಿದ್ಧವಾಗುವಷ್ಟರಲ್ಲಿ ಬಸವಣ್ಣೆಮ್ಮ ಊರಿನ ಮಾನಪ್ಪನ ಬೈಕ್ ಮೇಲೆ ಬಂದಿಳಿದಳು. ಸ್ಟ್ರೆಚರಿನ ಮೇಲಿದ್ದ ಗಂಡನ ಮುಖ ನೋಡಿದಳು. ಅರ್ಧ ಸ್ವಚ್ಛ, ಅರ್ಧ ಬಿಳಿ, ಕಿವಿಯ ಹಿಂದೆ ಕೆಂಪು. ಬಸವಣ್ಣೆಮ್ಮ ಅಳಲಿಲ್ಲ. ಸೆರಗಿನ ತುದಿ ನಾಲಿಗೆಗೆ ತಾಗಿಸಿ ಹಸಿಮಾಡಿಕೊಂಡು ಅವನ ಕಿವಿ ಒರೆಸಿದಳು.

"ನಾಟಕದಾಗ ಸಾಯೋ ಪಾರ್ಟು ಮಾಡಬ್ಯಾಡ್ರಿ ಅಂತ ಮದುವಿ ಆದಾಗಿಂದ ಹೇಳ್ಕೋತ ಬಂದೀನಿ" ಅಂದಳು, ಯಾರಿಗೂ ಅಲ್ಲ ಅನ್ನುವಂತೆ. ಇಶ್ತಿಯಾಕ್ ಮುಂದೆ ಬಂದ. ಆಕೆ ಅವನ ಮುಖ ನೋಡಲಿಲ್ಲ. ಅಂಬುಲೆನ್ಸ್ ಹತ್ತಿ ಬಾಗಿಲು ಎಳೆದುಕೊಂಡಳು.

ಜಂಬಣ್ಣ ಉಳಿದ. ಆದರೆ ಮೊದಲಿನ ಜಂಬಣ್ಣ ಆಗಿ ತಿರುಗಿ ಬರಲಿಲ್ಲ. ಅಂಗಳ ದಾಟಿದರೆ ಏದುಸಿರು. ಜೋರಾಗಿ ಮಾತಾಡಬಾರದು, ಎಮ್ಮೆ ಕಟ್ಟಬಾರದು, ಬಣ್ಣ ಹಚ್ಚುವುದಂತೂ ಈ ಜನ್ಮಕ್ಕೆ ಮುಗಿಯಿತು.

ಮಳೆಗಾಲ ಕಳೆಯುವ ಹೊತ್ತಿಗೆ ಇಶ್ತಿಯಾಕ್ ಮೂಳೆ ಚಕ್ಕಳವಾಗಿದ್ದ. ಮದುವೆಯ ಕೆಲಸಗಳನ್ನು ಒಪ್ಪಿಕೊಳ್ಳುತ್ತಿರಲಿಲ್ಲ, ಊಟ ಮಾಡುತ್ತಿರಲಿಲ್ಲ, ಕಂಪ್ಯೂಟರ್ ಮುಂದೆ ಕೂತು ಸಿನಿಮಾ ಜೋಡಿಸುವುದು ಕಿತ್ತುಹಾಕುವುದು ಇದೇ ಕೆಲಸ. ಎಲ್ಲ ಇತ್ತು, ದೊರೆಯ ಸಾವೊಂದು ಬಾಕಿ. ಅವತ್ತು ತೆಗೆದದ್ದರಲ್ಲಿ ಅದೂ ಇತ್ತು. ಅದನ್ನು ಹಾಕುವುದು ಹೇಗೆ?

"ಕಾಕಾನ ಕೇಳ್ತೀನಿ ಆಪಾ" ಅಂದ ಒಂದು ದಿನ ಅಕ್ಕನಿಗೆ. "ಹೂಂ ಅಂದ್ರ ಹಾಕ್ತೀನಿ. ಇಲ್ಲಾಂದ್ರ... ಇಲ್ಲಾಂದ್ರ ನನಗ ಗೊತ್ತಿಲ್ಲ."

ಒಬ್ಬನನ್ನೇ ಕಳಿಸಲು ವಸೀಮಾಳಿಗೆ ಧೈರ್ಯವಾಗಲಿಲ್ಲ. ಅಕ್ಕ ತಮ್ಮ ಇಬ್ಬರೂ ಬೈಕಿನ ಮೇಲೆ ಮಸ್ಕಿ ದಾಟಿ ಪಾಮನಕಲ್ಲೂರಿಗೆ ಹೋದರು. ಜಂಬಣ್ಣ ಕಟ್ಟೆಯ ಮೇಲೆ ಕೂತಿದ್ದ. ಅವರನ್ನು ಕಂಡವನೇ ಮುಖ ಅರಳಿಸಿ, "ತಂದಿಯೇನ್ಲೇ ನನ್ನ ಸಾವು?" ಅಂದ. ಬಸವಣ್ಣೆಮ್ಮ ಒಳಗಿನಿಂದ, "ತೋರಸಬ್ಯಾಡ್ರಿ ಅದನ್ನ" ಅಂದಳು. "ನೀ ಸುಮ್ನಿರು. ನಾಟಕದವಗ ತನ್ನ ಪಾರ್ಟು ನೋಡೋ ಹಕ್ಕಿಲ್ಲೇನು?" ಅಂತ ಜಂಬಣ್ಣ ಹಟ ಮಾಡಿದ.

ಇಶ್ತಿಯಾಕ್ ಲ್ಯಾಪ್‌ಟಾಪ್ ತೆರೆದ. ವಾಡೆಯ ಬಾಗಿಲಿಂದ ದೊರೆ ಹೊರಬಂದ. ಜಂಬಣ್ಣ ಮುಂದಕ್ಕೆ ಬಾಗಿ ನೋಡಿದ. "ನಡಿಗಿ ಚಲೋ ಐತಿ... ನಿಲುವಂಗಿ ನೋಡು ಹೆಂಗ ಹಾರ್ಸೀನಿ... ಏ, ಕೈ ತಪ್ಪಿತು, ಕಣ್ಣಿಗೆ ಹೋಗಬೇಕಿತ್ತದು..." ಅಂತ ಅನ್ನುತ್ತಲೇ ಇದ್ದ. ಪರದೆಯ ಮೇಲಿನವನು ಬಿದ್ದ. ಚಪ್ಪಲಿ ಹಾರಿತು. ನಗು ಎದ್ದಿತು.

ಜಂಬಣ್ಣನೂ ನಕ್ಕ. ಆಮೇಲೆ ನಿಲ್ಲಿಸಿದ. ಪರದೆಯ ಮೇಲೆ ನಗು ನಿಲ್ಲಲಿಲ್ಲ. ಬಿದ್ದವನು ಬಿದ್ದೇ ಇದ್ದ, ಕಾಲು ಒದ್ದಾಡುತ್ತಿತ್ತು, ಅದರ ಮೇಲೆ ಮತ್ತಷ್ಟು ನಗು. ಅದರಲ್ಲಿ ಹೆಂಗಸೊಬ್ಬಳ ದನಿ ಎಲ್ಲರಿಗಿಂತ ಜೋರಾಗಿತ್ತು. ವಸೀಮಾ ತಲೆ ಎತ್ತಲಿಲ್ಲ. ತನ್ನ ನಗು ಇಷ್ಟು ಕೆಟ್ಟದಾಗಿ ಕೇಳುತ್ತದೆ ಅಂತ ಆಕೆಗೆ ಗೊತ್ತಿರಲಿಲ್ಲ.

ಬಸವಣ್ಣೆಮ್ಮ ಹೊಸ್ತಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

"ಇಷ್ಟೊತ್ತು ಬಿದ್ದಿದ್ನೇನು ನಾ?" ಅಂದ ಜಂಬಣ್ಣ ಮೆಲ್ಲಗೆ.

ಅವನು ಪರದೆಗೆ ಅಂಗೈ ಅಡ್ಡ ಹಿಡಿದ.

"ಬಂದ್ ಮಾಡಪಾ."

ಇಶ್ತಿಯಾಕ್ ಮುಚ್ಚಿದ. ಜಂಬಣ್ಣ ಗೋಡೆಗೆ ಬೆನ್ನು ಆನಿಸಿದ. "ನಾ ಜೀವಮಾನೆಲ್ಲ ಮಂದೀನ ನಗಿಸೀನಿ. ಅದರಾಗ ನಾ ಮಾಡಿದ್ದು ಇರತಿತ್ತು. ಇದರಾಗ ನಾ ಏನೂ ಮಾಡಿಲ್ಲ. ಬರೇ ಬಿದ್ದೀನಿ." ಉಸಿರು ಎಳೆದುಕೊಂಡ. "ಇದನ್ನ ಹಾಕಬ್ಯಾಡ ಇಶ್ತಿಯಾಕ. ಸಿಟ್ಟಿಂದ ಹೇಳಾಕತ್ತಿಲ್ಲ. ಹಾಕಬ್ಯಾಡ."

"ಮತ್ತ ಸಿನಿಮಾ ಹೆಂಗ ಮುಗಸ್ಲಿ ಕಾಕಾ?" ಇಶ್ತಿಯಾಕನ ದನಿ ಒಡೆದಿತ್ತು.

"ಅದು ನನಗೂ ಗೊತ್ತಿಲ್ಲಪಾ" ಅಂದ ಜಂಬಣ್ಣ. ಸುಳ್ಳು ಸಮಾಧಾನ ಹೇಳುವ ಮನುಷ್ಯ ಅವನಾಗಿರಲಿಲ್ಲ.

ಬಸವಣ್ಣೆಮ್ಮ ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬಂದು ಇಬ್ಬರ ಮುಂದೆಯೂ ತಟ್ಟೆ ಇಟ್ಟಳು. ವಸೀಮಾಳ ಮುಂದೆ ಇಡುವಾಗ ಒಂದು ಗಳಿಗೆ ನಿಂತಳು. ಅದು ಯಾರ ನಗು ಅಂತ ಆಕೆಗೆ ತಿಳಿದಿತ್ತು, ತಿಳಿದದ್ದು ವಸೀಮಾಳಿಗೂ ಗೊತ್ತಾಯಿತು. "ಉಣ್ಣವಾ" ಅಂದಳು ಬಸವಣ್ಣೆಮ್ಮ, ಅಷ್ಟೇ. ವಸೀಮಾ ತುತ್ತು ಮುರಿದಳು.

ವಾಪಸು ಬರುವಾಗ ಇಶ್ತಿಯಾಕ್ ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಬೈಕು ನಿಲ್ಲಿಸಿ, ಚಹಾ ಕುಡಿಯುವ ಮಂದಿಯ ನಡುವೆಯೇ ಲ್ಯಾಪ್‌ಟಾಪ್ ತೆಗೆದು, ಬೀಳುವ ಆ ದೃಶ್ಯವನ್ನು ಅಳಿಸಿದ. ಬೇರೆ ಕಡೆ ಇಟ್ಟಿದ್ದ ಪ್ರತಿಯನ್ನೂ ಅಳಿಸಿದ. ಆಮೇಲೆ ಬೈಕಿನ ಟ್ಯಾಂಕಿನ ಮೇಲೆ ಹಣೆಯಿಟ್ಟು, ಸುತ್ತ ಮಂದಿ ನೋಡುತ್ತಿದ್ದರೂ ಲೆಕ್ಕಿಸದೆ, ಮಗುವಿನಂತೆ ಬಿಕ್ಕಿದ. ವಸೀಮಾ ಬೆನ್ನ ಮೇಲೆ ಕೈಯಿಟ್ಟು, ಅವನ ಅಳು ತೀರುವ ತನಕ ಪಕ್ಕದಲ್ಲೇ ನಿಂತಳು.